ಹುಣಸೆ ಬೀಜದ ಒಂಟೆ ಮತ್ತು ಮೂರು ಎಂಜಿನ್‌ಗಳು

ನಾವಿರುವುದು ಡೊಂಬಿವಲಿಯಲ್ಲಿ. ತಂಗಿಯ ಮನೆಯೂ ಇಲ್ಲೇ, ಎರಡು ಬಿಲ್ಡಿಂಗ್ ಆಚೆ. ಅವಳ ಮಗ ಭಾನುವಾರ ಬೆಳಿಗ್ಗೆ ಚೆಸ್ ಬೋರ್ಡ್ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾನೆ. ಅವಲಕ್ಕಿ ತಿಂದು ಕೂತರೆ ಮಧ್ಯಾಹ್ನದ ಊಟದವರೆಗೂ ಆಟ. ಆ ಬೋರ್ಡಿನ ಒಂದು ಕಪ್ಪು ಒಂಟೆ ಎಲ್ಲೋ ಕಳೆದುಹೋಗಿದೆ. ಅದರ ಬದಲು ಹುಣಸೆ ಬೀಜ ಇಡುತ್ತೇವೆ.

ಜುಲೈನ ಒಂದು ಭಾನುವಾರ, ಹೊರಗೆ ಜೋರು ಮಳೆ. ಅವನಿಗೆ 1998ರ ಲಿನಾರೆಸ್ ಟೂರ್ನಿಯಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳಾದ ಟೊಪಲೊವ್ ಮತ್ತು ಶಿರೋವ್ ಆಡಿದ ಆಟದ ಕೊನೆ ತೋರಿಸುತ್ತಿದ್ದೆ. ಕಪ್ಪು ಹಿಡಿದಿದ್ದ ಶಿರೋವ್ 47ನೇ ನಡೆಯಲ್ಲಿ ತನ್ನ ಒಂಟೆಯನ್ನು ಎಚ್3 ಎಂಬ ಮನೆಯಲ್ಲಿ, ಎದುರಾಳಿಯ ಕಾಲಾಳಿನ ಬಾಯಿಗೇ ಇಟ್ಟ ಪ್ರಸಿದ್ಧ ನಡೆ ಅದು. ಹುಡುಗ ತನ್ನ ಮೊಬೈಲಿನ ಚೆಸ್ ಆ್ಯಪ್‌ನಲ್ಲಿ ಅದೇ ಸ್ಥಿತಿಯನ್ನು ಜೋಡಿಸಿಕೊಂಡು, "ಮಾಮಾ, ಇದರಲ್ಲಿ ಇ4 ಅಂತ ಬರ್ತಿದೆ. ಎಚ್3 ಲಿಸ್ಟಲ್ಲೇ ಇಲ್ಲ. ಹಾಗಾದ್ರೆ ಅದು ತಪ್ಪು ನಡೆ ಅಲ್ವಾ?" ಅಂದ.

ಸುಮ್ನೆ "ತಪ್ಪಲ್ಲ" ಅಂದುಬಿಟ್ಟರೆ ಅವನು ನಂಬುತ್ತಿದ್ದ. ಆದರೆ ಮೊಬೈಲ್ ಯಾಕೆ ಹಾಗೆ ಹೇಳಿತು ಅನ್ನುವುದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿಂದ ಶುರುವಾದದ್ದು ಆರು ವಾರ ನಡೆಯಿತು.

ಮೊದಲು ಸ್ಥಿತಿ ಹೇಳಿಬಿಡುತ್ತೇನೆ, ಬೋರ್ಡಿದ್ದರೆ ಜೋಡಿಸಿಕೊಳ್ಳಿ. ಬಿಳಿ: ರಾಜ ಜಿ1, ಒಂಟೆ ಸಿ3, ಕಾಲಾಳು ಜಿ2 ಮತ್ತು ಎಚ್4. ಕಪ್ಪು: ರಾಜ ಇ6, ಒಂಟೆ ಎಫ್5, ಕಾಲಾಳು ಎ4, ಡಿ5, ಎಫ್6, ಜಿ6. ಕಪ್ಪಿನ ಸರದಿ. ಎರಡು ಕಾಲಾಳು ಜಾಸ್ತಿ ಇದ್ದರೂ ಒಂಟೆಗಳು ಬೇರೆಬೇರೆ ಬಣ್ಣದ ಮನೆಯಲ್ಲಿವೆ. ಇಂಥ ಕಡೆ ಆಟ ಡ್ರಾ ಆಗುವುದೇ ಹೆಚ್ಚು. ಬಿಳಿ ರಾಜ ಎಫ್2, ಇ3 ದಾಟಿ ಡಿ4ರಲ್ಲಿ ಬಂದು ಕೂತರೆ ಕಪ್ಪಿನ ದಾರಿ ಬಂದ್.

ಹಾಗಾಗಿ ಕಪ್ಪು ರಾಜ ಅದಕ್ಕಿಂತ ಮೊದಲೇ ಇ4 ಮುಟ್ಟಬೇಕು. ಇ5ರ ಮೂಲಕ ಹೋಗುವಂತಿಲ್ಲ, ಸಿ3ರ ಬಿಳಿ ಒಂಟೆ ಆ ಮನೆಯನ್ನು ಕಾಯುತ್ತಿದೆ. ಉಳಿದದ್ದು ಎಫ್5. ಅಲ್ಲಿ ನಿಂತಿರುವುದು ಯಾರು? ಕಪ್ಪಿನದೇ ಒಂಟೆ! ಅದು ಜಾಗ ಬಿಡಬೇಕು, ಇ4ಕ್ಕೂ ಹೋಗಬಾರದು, ಹೋಗುತ್ತಾ ಬಿಳಿಗೆ ಒಂದು ತೊಂದರೆಯನ್ನೂ ಕೊಡಬೇಕು. ಎಚ್3ಕ್ಕೆ ಹೋದರೆ ಈ ಮೂರೂ ಕೆಲಸ ಒಂದೇ ಸಲ ಆಗುತ್ತವೆ. ಟೊಪಲೊವ್ ಅದನ್ನು ಹೊಡೆದ, ಕಪ್ಪು ರಾಜ ಎಫ್5ಕ್ಕೆ ಬಂದ, ಬಿಳಿ ರಾಜ ಎಫ್2ಕ್ಕೆ ಬರುವಷ್ಟರಲ್ಲಿ ಕಪ್ಪು ರಾಜ ಇ4ರಲ್ಲಿದ್ದ. ಆಮೇಲೆ ಬಿಳಿಯ ಒಂದೇ ಒಂಟೆ ಎ ಮತ್ತು ಡಿ ಸಾಲಿನ ಎರಡು ಕಾಲಾಳುಗಳನ್ನೂ ತಡೆಯಬೇಕಾಯಿತು, ಆಗಲಿಲ್ಲ. 53ನೇ ನಡೆಗೆ ಆಟ ಮುಗಿಯಿತು.

ಈಗ ಎಂಜಿನ್‌ಗಳ, ಅಂದರೆ ಒಳ್ಳೆಯ ನಡೆ ಹುಡುಕಿಕೊಡುವ ಚೆಸ್ ತಂತ್ರಾಂಶಗಳ ಕಡೆ ಬರುತ್ತೇನೆ. ಮೂರನ್ನು ಇಳಿಸಿಕೊಂಡೆ, ಮೂರೂ ಉಚಿತ. ಒಂದು, ಸ್ಟಾಕ್‌ಫಿಶ್ 11. ಅದು 2020ರ ಜನವರಿಯದು, ಮನುಷ್ಯರು ಬರೆದ ನಿಯಮಗಳಿಂದಲೇ ಅಂಕ ಹಾಕುವ ಹಳೇ ಕ್ರಮದ ಕೊನೆಯ ಆವೃತ್ತಿ. ಎರಡು, ಈಗಿನ ಸ್ಟಾಕ್‌ಫಿಶ್. ಅದೇ ವರ್ಷದ ಸೆಪ್ಟೆಂಬರಿನ 12ನೇ ಆವೃತ್ತಿಯಿಂದ ಇದಕ್ಕೆ ಎನ್‌ಎನ್‌ಯುಇ ಎಂಬ ಪುಟ್ಟ ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆಗಳಿಂದ ಕಲಿತು ಅಂಕ ಹಾಕುವ ವ್ಯವಸ್ಥೆ ಬಂತು. ಅದನ್ನು 2018ರಲ್ಲಿ ಜಪಾನಿನ ಶೋಗಿ ಆಟಕ್ಕಾಗಿ ಯು ನಾಸು ಮಾಡಿದ್ದು. ಮೂರನೆಯದು ಲೀಲಾ ಚೆಸ್ ಝೀರೋ, ತನ್ನೊಂದಿಗೇ ಆಡಿ ಕಲಿತ ಆಲ್ಫಾಝೀರೋ ಎಂಬ ತಂತ್ರಾಂಶದ ಹಾದಿಯಲ್ಲಿ 2018ರಲ್ಲಿ ಶುರುವಾದದ್ದು.

ಮೊದಲ ವಾರ ನಾನು ಮಾಡಿದ ತಪ್ಪು ಇಲ್ಲಿ ಹೇಳಲೇಬೇಕು. ಸ್ಟಾಕ್‌ಫಿಶ್ ತೆರೆದು, ಎಚ್3 ಆಡಿ, ಮುಂದಿನ ನಾಲ್ಕು ನಡೆ ನೋಡಿ, ಮತ್ತೆ ಹಿಂದಕ್ಕೆ ಬಂದೆ. ಎಂಜಿನ್ ಥಟ್ಟನೆ ಎಚ್3 ತೋರಿಸಿತು. "ನೋಡೋ, ಎಷ್ಟು ಬೇಗ ಕಂಡುಹಿಡೀತು" ಅಂದೆ ಹುಡುಗನಿಗೆ. ಅದು ಕಂಡುಹಿಡಿದದ್ದಲ್ಲ, ನೆನಪಿಟ್ಟುಕೊಂಡದ್ದು. ನೋಡಿದ ಸ್ಥಿತಿಗಳನ್ನೆಲ್ಲ ಅದು ಹ್ಯಾಶ್ ಎಂಬ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಉತ್ತರವನ್ನು ನಾನೇ ಕೈಯಾರೆ ತೋರಿಸಿಕೊಟ್ಟಿದ್ದೆ. ಮುಂದಿನ ಭಾನುವಾರ ಅವನಿಗೆ ಇದನ್ನು ಬಿಡಿಸಿ ಹೇಳಿದೆ.

ಅಲ್ಲಿಂದ ಪದ್ಧತಿ ಬದಲಾಯಿಸಿದೆ. ಪ್ರತಿ ಸಲವೂ ಮೊದಲು ಹ್ಯಾಶ್ ಖಾಲಿ ಮಾಡುತ್ತೇನೆ. ಅದರ ಗಾತ್ರ ಸ್ಟಾಕ್‌ಫಿಶ್‌ನಲ್ಲಿ ತಾನಾಗಿ ಬರುವುದು 16 ಎಂಬಿ, ದೀರ್ಘ ವಿಶ್ಲೇಷಣೆಗೆ ಅದು ಏನೂ ಸಾಲದು. 1024ಕ್ಕೆ ಏರಿಸಿದೆ. ಒಂದು ಸಲಕ್ಕೆ ಒಂದೇ ಎಂಜಿನ್. ಎರಡನ್ನು ಒಟ್ಟಿಗೆ ಓಡಿಸಿದರೆ ಪ್ರೊಸೆಸರನ್ನು ಹಂಚಿಕೊಂಡು ಎರಡೂ ಕುಂಟುತ್ತವೆ, ಹೋಲಿಕೆಗೆ ಅರ್ಥವಿಲ್ಲ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡಿತು. ಲ್ಯಾಪ್‌ಟಾಪಿನ ನಾಲ್ಕೂ ಕೋರ್ ಕೊಟ್ಟು ಒಂದೇ ಸ್ಟಾಕ್‌ಫಿಶನ್ನು ಐದು ಸಲ ಓಡಿಸಿದರೆ ಐದು ಸಲವೂ ಬೇರೆಬೇರೆ ಹೊತ್ತು. ಮೊದಲು ಯಂತ್ರವೇ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಹಲವು ಥ್ರೆಡ್‌ಗಳು, ಅಂದರೆ ಒಟ್ಟೊಟ್ಟಿಗೆ ಓಡುವ ಹುಡುಕಾಟಗಳು, ಒಂದೇ ಹ್ಯಾಶ್‌ಗೆ ಬರೆಯುತ್ತವೆ, ಒಂದು ಬರೆದದ್ದನ್ನು ಇನ್ನೊಂದು ಓದುತ್ತದೆ. ಯಾರು ಕ್ಷಣ ಮೊದಲು ಬರೆದರು ಅನ್ನುವುದರ ಮೇಲೆ ಹುಡುಕಾಟದ ದಾರಿಯೇ ಬದಲಾಗುತ್ತದೆ. ಥ್ರೆಡ್ ಒಂದಕ್ಕೆ ಇಳಿಸಿದೆ. ನಿಧಾನವಾಯಿತು, ಆದರೆ ಪ್ರತಿ ಸಲವೂ ಅದೇ ಆಳದಲ್ಲಿ (ಎಷ್ಟು ನಡೆ ಮುಂದೆ ನೋಡುತ್ತದೆ ಅನ್ನುವುದೇ ಆಳ) ಅದೇ ಉತ್ತರ. "ಈ ಎಂಜಿನ್ ಇಷ್ಟು ಸೆಕೆಂಡಿನಲ್ಲಿ ಕಂಡುಹಿಡಿಯಿತು" ಅಂತ ಯಾರಾದರೂ ಹೇಳಿದರೆ ನಾನೀಗ ಮೊದಲು ಕೇಳುವುದು, ಎಷ್ಟು ಥ್ರೆಡ್, ಎಷ್ಟು ಸಲ ಅಂತ. ಹಳೇ ಸ್ಟಾಕ್‌ಫಿಶ್ ಬೇಗವೋ ಹೊಸದೋ ಅಂತ ನಾನು ತೀರ್ಪು ಕೊಡುವುದಿಲ್ಲ. ನಾಲ್ಕು ಥ್ರೆಡ್‌ನಲ್ಲಿ ಒಂದೇ ಎಂಜಿನ್‌ನ ಐದು ಓಟಗಳ ನಡುವಿನ ಅಂತರವೇ ಆ ತೀರ್ಪನ್ನು ನುಂಗಿಹಾಕುವಷ್ಟಿತ್ತು.

ಹಾಗಿದ್ದರೆ ಸ್ಟಾಕ್‌ಫಿಶ್‌ಗೆ ಎಚ್3 ಮೊದಲಿಗೇ ಯಾಕೆ ಕಾಣುವುದಿಲ್ಲ? ಸ್ಟಾಕ್‌ಫಿಶ್ ಎಲ್ಲ ನಡೆಗಳನ್ನೂ ಒಂದೇ ಶ್ರದ್ಧೆಯಿಂದ ನೋಡುವುದಿಲ್ಲ. ಒಳ್ಳೆಯದು ಅನ್ನಿಸಿದ್ದನ್ನು ಆಳಕ್ಕೆ ಇಳಿದು ನೋಡುತ್ತದೆ, ಪಟ್ಟಿಯ ಕೊನೆಯವನ್ನು ಮೇಲಿಂದ ಮೇಲೆ ನೋಡಿ ಬಿಡುತ್ತದೆ. ಒಂಟೆಯನ್ನು ಪುಕ್ಕಟೆ ಕೊಡುವ ನಡೆ ಕೊನೆಗೇ ಬೀಳುತ್ತದೆ ಅಲ್ವಾ? ಸಂತೆಯಲ್ಲಿ ಸಂಜೆ ತರಕಾರಿ ಆರಿಸುವವರು ಬುಟ್ಟಿಯ ತಳ ಕೆದಕುವುದಿಲ್ಲವಲ್ಲ, ಹಾಗೆ. ಹೀಗೆ ಬಿಟ್ಟುಬಿಟ್ಟೇ ಅದು ಅಷ್ಟು ಆಳಕ್ಕೆ ಹೋಗುವುದು. ಆಳ ಹೆಚ್ಚಿದಂತೆ ಆ ಕೊನೆಯ ನಡೆಗೂ ಸರದಿ ಬಂದು, ರಾಜ ಇ4 ಮುಟ್ಟುವುದು ಕಂಡ ಕೂಡಲೇ ಎಚ್3 ಮೇಲಕ್ಕೆ ಜಿಗಿಯುತ್ತದೆ. ಹುಡುಗನ ಮೊಬೈಲ್ ಅಷ್ಟು ಆಳಕ್ಕೆ ಇಳಿಯುವ ಮೊದಲೇ ನಿಂತಿತ್ತು, ಅಷ್ಟೇ.

ಲೀಲಾದ ಕಥೆಯೇ ಬೇರೆ. ಅದನ್ನು ನಿಬ್ಲರ್ ಎಂಬ ತಂತ್ರಾಂಶದಲ್ಲಿ ತೆರೆದೆ, ಯಾಕೆಂದರೆ ಅದರಲ್ಲಿ ಪ್ರತಿ ನಡೆಗೂ ನೆಟ್‌ವರ್ಕ್ ಮೊದಲ ನೋಟದಲ್ಲಿ ಕೊಟ್ಟ ಪಾಲು ಕಾಣುತ್ತದೆ. ಎಚ್3ಕ್ಕೆ ಸಿಕ್ಕಿದ್ದು ತೀರಾ ಚಿಕ್ಕ ಪಾಲು. ಪಾಲು ಚಿಕ್ಕದಾದರೆ ಹುಡುಕಾಟ ಆ ನಡೆಯ ಕಡೆ ಹೋಗುವುದೂ ಅಪರೂಪ. ನನ್ನ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಸ್ಟಾಕ್‌ಫಿಶ್ ಸೆಕೆಂಡಿಗೆ ಲಕ್ಷಗಟ್ಟಲೆ ಸ್ಥಿತಿ ನೋಡುವ ಹೊತ್ತಿಗೆ ಲೀಲಾ ನೂರರ ಲೆಕ್ಕದಲ್ಲಿ ತೆವಳುತ್ತಿತ್ತು. ಅವಲಕ್ಕಿ ಮುಗಿದು ಚಹಾ ಬಂದರೂ ಬಾಣದ ಗುರುತು ಬೇರೆ ನಡೆಯ ಮೇಲೇ ಇತ್ತು. ಒಳ್ಳೆಯ ಕಾರ್ಡ್ ಇದ್ದವರಿಗೆ ಬೇರೆ ಫಲ ಸಿಗಬಹುದು.

ಲೀಲಾಗೂ ಎಚ್3 ಆಡಿಸಿ, ಮುಂದೆ ಹೋಗಿ ನೋಡಿದೆ. ಕಪ್ಪು ರಾಜ ಇ4ಕ್ಕೆ ಬಂದ ಸ್ಥಿತಿಯಲ್ಲಿ ಅದಕ್ಕೆ ಗೆಲುವು ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಆದರೆ ಹಿಂದಕ್ಕೆ ಬಂದರೆ ಮತ್ತೆ ಮೊದಲಿನಂತೆ. ಮುಂದೆ ಹೋಗುವಾಗ ಅದು ತನ್ನ ಹುಡುಕಾಟದ ಮರವನ್ನು ಉಳಿಸಿಕೊಳ್ಳುತ್ತದೆ, ಹಿಂದೆ ಬಂದಾಗ ಆ ಮರ ಉಳಿಯುವುದಿಲ್ಲ. ಮೊದಲ ವಾರ ನನ್ನನ್ನು ದಾರಿ ತಪ್ಪಿಸಿದ ಹಿಂದೆ–ಮುಂದೆ ಆಟ ಸ್ಟಾಕ್‌ಫಿಶ್ ಜೊತೆಗಾದರೆ ಒಳ್ಳೆಯ ಉಪಾಯ. ನಿಮ್ಮದೇ ಆಟದಲ್ಲಿ ಒಂದು ಬಲಿ ಸರಿಯೆಂದು ಅನುಮಾನವಿದ್ದರೆ ಅದನ್ನು ಆಡಿ, ನಾಲ್ಕು ನಡೆ ಮುಂದೆ ಬಿಟ್ಟು, ನಿಧಾನವಾಗಿ ಹಿಂದಕ್ಕೆ ಬನ್ನಿ. ಪರೀಕ್ಷೆಗೆ ಅದು ಮೋಸ, ಸತ್ಯ ಹುಡುಕಲು ಅದು ಸಹಾಯ.

ಯಾರಿಗೆ ಎಷ್ಟು ಅನುಕೂಲ ಎಂದು ಎಂಜಿನ್ ತೋರಿಸುವ ಅಂಕಿಗಳ ಬಗ್ಗೆ ಒಂದು ಮಾತು. ಎಚ್3 ಕಾಣುವ ಮೊದಲೂ ಎಲ್ಲ ಎಂಜಿನ್‌ಗಳು ಕಪ್ಪಿಗೇ ಅನುಕೂಲ ಅಂತ ತೋರಿಸುತ್ತಿದ್ದವು. ಡ್ರಾ ಆಗುವ ಅನುಕೂಲವೋ ಗೆಲ್ಲುವ ಅನುಕೂಲವೋ ಆ ಒಂದು ಅಂಕಿಯಿಂದ ತಿಳಿಯುವುದಿಲ್ಲ. ಹಳೇ ಸ್ಟಾಕ್‌ಫಿಶ್‌ನ 1.00 ಮತ್ತು ಹೊಸದರ 1.00 ಒಂದೇ ಅಲ್ಲ. 15.1ನೇ ಆವೃತ್ತಿಯಿಂದ 1.00 ಅಂದರೆ ಗೆಲ್ಲುವ ಸಾಧ್ಯತೆ ಶೇಕಡ 50 ಎಂದು ಅಳತೆ ಬದಲಿಸಿದ್ದಾರೆ. ಹಾಗಾಗಿ ನಾನು ಅಂಕಿ ಬರೆದುಕೊಳ್ಳುವುದನ್ನು ಬಿಟ್ಟೆ. ನೋಟ್‌ಬುಕ್ಕಿನಲ್ಲಿ ಬರೆಯುವುದು ಎರಡೇ: ಎಂಜಿನ್ ಮನಸ್ಸು ಬದಲಿಸಿದ್ದು ಯಾವ ಆಳದಲ್ಲಿ, ಬದಲಿಸಿದಾಗ ಮುಂದೆ ತೋರಿಸಿದ ನಡೆಗಳು ಯಾವುವು. ಆ ನಡೆಗಳನ್ನು ಬೋರ್ಡಿನ ಮೇಲೆ ಕೈಯಲ್ಲಿ ಆಡಿ ನೋಡಿದಾಗಲೇ ನನಗೆ ಇ5ರ ವಿಷಯ ಹೊಳೆದದ್ದು. ಎಷ್ಟೋ ವರ್ಷಗಳಿಂದ ಈ ನಡೆಯನ್ನು ಮೆಚ್ಚಿಕೊಂಡು ಬಂದಿದ್ದೆ, ರಾಜನಿಗೆ ಎಫ್5 ಬಿಟ್ಟು ಹತ್ತಿರದ ಬೇರೆ ದಾರಿ ಇಲ್ಲ ಅಂತ ಯೋಚಿಸಿರಲಿಲ್ಲ.

ಆರನೇ ಭಾನುವಾರ ಲ್ಯಾಪ್‌ಟಾಪ್ ತೆರೆಯಲಿಲ್ಲ. ಹುಡುಗನಿಗೆ ಕಪ್ಪು ಕೊಟ್ಟು ನಾನು ಬಿಳಿ ಹಿಡಿದೆ. ಅವನು ಹುಣಸೆ ಬೀಜವನ್ನು ಎಚ್3ರಲ್ಲಿಟ್ಟ. ನಾನು ಹೊಡೆಯಲಿಲ್ಲ, ರಾಜನನ್ನು ಎಫ್2ಕ್ಕೆ ತಂದೆ. ಅವನ ಮುಖ ಸಣ್ಣದಾಯಿತು, ಇದನ್ನು ನಾವು ನೋಡಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ರಾಜನನ್ನು ಎಫ್5ಕ್ಕೆ ತಂದ. ನಾನು ಎಫ್3ಕ್ಕೆ ಏರಿದೆ, ಈಗ ಇ4 ನನ್ನ ಕಾವಲಿನಲ್ಲಿ. ಅವನು ಬೆರಳನ್ನು ಬೋರ್ಡಿನ ಮೇಲೆ ಓಡಿಸುತ್ತಾ ಇ4, ಎಫ್3, ಜಿ2 ಎಂದು ತನ್ನಲ್ಲೇ ಎಣಿಸಿದ. ಮೂರು ನಿಮಿಷ ಆಗಿರಬಹುದು.

ಆಮೇಲೆ ಹುಣಸೆ ಬೀಜದಿಂದ ಜಿ2ರ ಕಾಲಾಳನ್ನು ಹೊಡೆದು, "ಚೆಕ್, ಮಾಮಾ" ಅಂದ. ನಾನು ರಾಜನಿಂದ ಆ ಬೀಜವನ್ನು ಎತ್ತಿಕೊಳ್ಳುವಷ್ಟರಲ್ಲಿ ಅವನ ಕೈ ಆಗಲೇ ಕಪ್ಪು ರಾಜನ ಮೇಲಿತ್ತು, ಇ4ರ ಕಡೆಗೆ.