ಅಮೆರಿಕದ ತಾತ್ಕಾಲಿಕ ವೆಚ್ಚ ಮಸೂದೆಯನ್ನು ಓದುವುದು ಹೇಗೆ?

ಅಮೆರಿಕದ ಕೇಂದ್ರ ಸರ್ಕಾರದ ಹಣಕಾಸು ವರ್ಷ ಅಕ್ಟೋಬರ್ 1ರಂದು ಆರಂಭವಾಗುತ್ತದೆ. ಅಷ್ಟರೊಳಗೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ 12 ವೆಚ್ಚ ಮಸೂದೆಗಳನ್ನು ಅಂಗೀಕರಿಸಬೇಕು. ಈಗಿನ ಪದ್ಧತಿ ಜಾರಿಯಾದ ಮೇಲೆ ಅವೆಲ್ಲವೂ ಸಕಾಲಕ್ಕೆ ಮುಗಿದದ್ದು 1977, 1989, 1995 ಮತ್ತು 1997ರ ಹಣಕಾಸು ವರ್ಷಗಳಲ್ಲಿ ಮಾತ್ರ. ಕಾನೂನಿನ ಮಂಜೂರಾತಿಯಿಲ್ಲದೆ ಖಜಾನೆಯ ಹಣ ತೆಗೆಯುವುದನ್ನು ಸಂವಿಧಾನ ನಿಷೇಧಿಸಿರುವುದರಿಂದ, ಉಳಿದ ವರ್ಷಗಳಲ್ಲಿ ‘ಕಂಟಿನ್ಯೂಯಿಂಗ್ ರೆಸಲ್ಯೂಷನ್’ ಎಂಬ ತಾತ್ಕಾಲಿಕ ಮಸೂದೆಯೇ ಗತಿ. ಚುನಾವಣಾ ವರ್ಷದಲ್ಲಿ ನಮ್ಮ ಸಂಸತ್ತು ನೀಡುವ ಲೇಖಾನುದಾನವನ್ನು ಬಲ್ಲವರಿಗೆ ಇದರ ಮೊದಲ ಭಾಗ ಪರಿಚಿತವೆನಿಸೀತು. ಜನಸಾಮಾನ್ಯರಿಗೆ ನೇರವಾಗಿ ತಟ್ಟುವುದು, ಪತ್ರಿಕೆಗಳ ತಲೆಬರಹಕ್ಕೆ ಬಾರದ ಅದರ ಹಿಂಭಾಗ.

ಮೊದಲು ಮಸೂದೆ ಎಂದಿನವರೆಗೆ ಜಾರಿಯಲ್ಲಿರುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಬಳಿಕ ಹಣದ ಪ್ರಮಾಣ ನೋಡಿ: ಸಾಮಾನ್ಯವಾಗಿ ಹಿಂದಿನ ವರ್ಷದ ದರದಲ್ಲೇ ಖರ್ಚು ಮಾಡಲು ಅನುಮತಿ ಇರುತ್ತದೆ, ಹೊಸ ಯೋಜನೆ ಆರಂಭಿಸುವಂತಿಲ್ಲ. ಈ ನಿಯಮದಿಂದ ಹೊರಗಿಟ್ಟ ಬಾಬತ್ತುಗಳನ್ನು ‘ಅನಾಮಲಿ’ ಎನ್ನುತ್ತಾರೆ. ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯನ್ನು ಇಲ್ಲಿ ಹುಡುಕಬೇಕಿಲ್ಲ. ಅದರ ಪಾವತಿ ವಾರ್ಷಿಕ ಮಂಜೂರಾತಿಯನ್ನು ಅವಲಂಬಿಸಿಲ್ಲ.

ಮುಂದಿನ ಹಂತದಲ್ಲಿ ಅವಸರ ಬೇಡ. ಕೆಲವು ಕಾರ್ಯಕ್ರಮಗಳಿಗೆ ಹಣವಷ್ಟೇ ಅಲ್ಲ, ನಡೆಯುವ ಅಧಿಕಾರವೂ ಗಡುವಿಗೆ ಒಳಪಟ್ಟಿರುತ್ತದೆ. 1968ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರವಾಹ ವಿಮೆ, ಮನೆಯಲ್ಲೇ ಕುಳಿತು ವೈದ್ಯರನ್ನು ಕಾಣಲು ಕೋವಿಡ್ ಕಾಲದಲ್ಲಿ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ) ನೀಡಿದ ಟೆಲಿಹೆಲ್ತ್ ಸಡಿಲಿಕೆ, ಸಮುದಾಯ ಆರೋಗ್ಯ ಕೇಂದ್ರಗಳ ನಿಧಿ ಇಂಥವು. ಜೆ-1 ಎಂಬ ವಿನಿಮಯ ವೀಸಾದಲ್ಲಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯ ತರಬೇತಿ, ಮುಗಿಸಿದ ನಮ್ಮ ವೈದ್ಯರು ಸ್ವದೇಶಕ್ಕೆ ಮರಳುವ ಬದಲು ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿಯಲು ಅವಕಾಶ ಕೊಡುವ ‘ಕಾನ್ರಾಡ್ 30’ ಕೂಡ ಇದೇ ಸಾಲಿನದು. ಮಸೂದೆಯಲ್ಲಿ ಇವುಗಳ ವಿವರಣೆ ಇರುವುದಿಲ್ಲ; ಹಳೆಯ ಕಾನೂನಿನ ಇಂಥ ಕಲಮಿನಲ್ಲಿರುವ ಈ ದಿನಾಂಕವನ್ನು ತೆಗೆದು ಆ ದಿನಾಂಕ ಸೇರಿಸತಕ್ಕದ್ದು ಎಂಬ ಒಂದು ಸಾಲು ಮಾತ್ರ ಇರುತ್ತದೆ. ಆದ್ದರಿಂದ ಕಾರ್ಯಕ್ರಮದ ಹೆಸರಿನ ಜೊತೆಗೆ ಮುಗಿಯಲಿರುವ ದಿನಾಂಕವನ್ನೂ ಹುಡುಕಿ. ಹೀಗೆ ಕೆಲವೇ ತಿಂಗಳ ಕಂತುಗಳಲ್ಲಿ ಆಯಸ್ಸು ವಿಸ್ತರಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮುಂದಿನ ಜನವರಿಯ ಆಚೆಗೆ ನಿಧಿಯ ಭರವಸೆಯಿಲ್ಲದ ಬಡವರ ಆಸ್ಪತ್ರೆ ಹೊಸ ವೈದ್ಯರನ್ನು ಯಾವ ಧೈರ್ಯದಿಂದ ನೇಮಿಸಿಕೊಳ್ಳಬೇಕು?

ಮತಗಳ ಲೆಕ್ಕ ಸರಳ. ಕೆಳಮನೆಯಲ್ಲಿ ಸರಳ ಬಹುಮತ ಸಾಕು. 100 ಸದಸ್ಯರ ಸೆನೆಟ್‌ನಲ್ಲಿ ಚರ್ಚೆಗೆ ತೆರೆ ಎಳೆಯಲು 60 ಮತ ಬೇಕು. 2025ರ ಅಕ್ಟೋಬರ್‌ನಲ್ಲಿ ಆ 60 ದೊರೆಯದೆ ಸರ್ಕಾರ 43 ದಿನ ಸ್ಥಗಿತಗೊಂಡಿತು. ಆಗ ಪ್ರವಾಹ ವಿಮೆಯ ಹೊಸ ಪಾಲಿಸಿಗಳು ನಿಂತವು, ಮೆಡಿಕೇರ್‌ನ ಟೆಲಿಹೆಲ್ತ್ ಸಡಿಲಿಕೆಯೂ ಮುಗಿಯಿತು.

ಕೊನೆಗೆ, ವಿಸ್ತರಣೆ ಯಾವ ದಿನದಿಂದ ಅನ್ವಯ ಎಂಬುದನ್ನು ಓದಿ. ನವೆಂಬರ್ 12ರಂದು ಸಹಿಯಾದ ಕಾಯ್ದೆ ಟೆಲಿಹೆಲ್ತ್ ಅನ್ನು 2026ರ ಜನವರಿ 30ರವರೆಗೆ ಮುಂದುವರಿಸಿದ್ದಷ್ಟೇ ಅಲ್ಲದೆ, ಅಕ್ಟೋಬರ್ 1ರಿಂದಲೇ ಪೂರ್ವಾನ್ವಯಗೊಳಿಸಿತು. ಅಮೆರಿಕದಲ್ಲಿರುವ ಓದುಗರು ಇಂಥ ಸ್ಥಗಿತದ ಅವಧಿಯ ಬಿಲ್ಲು, ರಸೀದಿಗಳನ್ನು ಎಸೆಯದೆ ಇಟ್ಟುಕೊಂಡರೆ ಪೂರ್ವಾನ್ವಯದ ಕಲಮು ಬಂದಾಗ ಅವುಗಳ ಮರುಪಾವತಿ ಕೇಳಬಹುದು.