ಬೀಗ ಹಾಕುವ ಮುನ್ನ ಕೀಲಿಕೈ ತಿರುಗಿಸಿ ನೋಡಿ

ತಿಪಟೂರಿನ ಕೊಬ್ಬರಿ ಮಂಡಿಯೊಂದರ ಲೆಕ್ಕಪತ್ರದ ಸರ್ವರನ್ನು ತುಮಕೂರಿನಿಂದಲೇ ನೋಡಿಕೊಳ್ಳುತ್ತಿದ್ದ ಹುಡುಗ ಒಂದು ಮಧ್ಯಾಹ್ನ ಫೋನ್ ಮಾಡಿದ. "ಸಾರ್, ಫೈರ್‌ವಾಲ್ ಆನ್ ಮಾಡ್ದೆ. ಆಗ ಏನೂ ಆಗ್ಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು ಊಟ ಮಾಡ್ಕೊಂಡು ಬಂದು ನೋಡಿದ್ರೆ ಒಳಗೇ ಬಿಡ್ತಿಲ್ಲ." ಮಂಡಿಯಲ್ಲಿ ಆ ಯಂತ್ರಕ್ಕೆ ಮಾನಿಟರೂ ಇಲ್ಲ, ಕೀಬೋರ್ಡೂ ಇಲ್ಲ. ಎರಡನ್ನೂ ಚೀಲಕ್ಕೆ ತುಂಬಿಕೊಂಡು ಅವನು ಅರಸೀಕೆರೆ ಕಡೆಯ ರೈಲು ಹತ್ತಬೇಕಾಯಿತು.

ಶನಿವಾರ ಸಂಜೆ ಕಾಲೇಜು ಹುಡುಗರಿಗೆ ಲಿನಕ್ಸ್ ಸರ್ವರ್ ಕೆಲಸ ಹೇಳಿಕೊಡುತ್ತೇನೆ. ಎಡವುವವರೆಲ್ಲ ಎಡವುವುದು ಒಂದೇ ಕಡೆ. ಹೊಸ ದಾರಿ ತೆರೆದಿದೆಯೇ ಎಂದು ನೋಡದೆ ಹಳೆಯದನ್ನು ಮುಚ್ಚಿಬಿಡುತ್ತಾರೆ. ಹಾಗಾಗಿ ಇಲ್ಲಿ ಹೆಚ್ಚು ಹೇಳುವುದು ಅದನ್ನೇ. ಕಮಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ, ದೊಡ್ಡದು ಬೇಕಾದಲ್ಲಿ ಹೇಳಿದ್ದೇನೆ.

ಯಂತ್ರ, ಇನ್‌ಸ್ಟಾಲ್

ಮೂಲೆಯಲ್ಲಿ ಬಿದ್ದಿರುವ 4 ಜಿಬಿ ರ‍್ಯಾಮಿನ ಹಳೆಯ ಡೆಸ್ಕ್‌ಟಾಪ್ ಕಲಿಯಲು ಧಾರಾಳ ಸಾಕು. ಬಾಡಿಗೆಗೆ ತೆಗೆದುಕೊಳ್ಳುವುದಾದರೆ 1 ಜಿಬಿಯ ವಿಪಿಎಸ್ (ಇಂಟರ್ನೆಟ್ಟಿನಲ್ಲಿ ಸಿಗುವ ಬಾಡಿಗೆ ಸರ್ವರ್) ಆದರೂ ನಡೆಯುತ್ತದೆ. ಡೆಬಿಯನ್ ಹಾಕಿ, ಇಲ್ಲವೇ ಉಬುಂಟು ಸರ್ವರ್ 24.04. ಇನ್‌ಸ್ಟಾಲ್ ಮಾಡುವಾಗ ಎಸ್‌ಎಸ್‌ಎಚ್ ಸರ್ವರ್‌ಗೆ (ದೂರದಿಂದ ಒಳಗೆ ಹೋಗುವ ದಾರಿ ಅದು) ಟಿಕ್ ಹಾಕಿ, ಡೆಸ್ಕ್‌ಟಾಪ್‌ನ ಟಿಕ್ ತೆಗೆಯಿರಿ. ಹೆಸರೇ ಇಲ್ಲದ ಅಗ್ಗದ ಪೆನ್‌ಡ್ರೈವ್ ಮಾತ್ರ ಬೇಡ. ಅರ್ಧಕ್ಕೆ ನಿಂತ ಇನ್‌ಸ್ಟಾಲ್‌ಗಳಲ್ಲಿ ನಾನು ಕಂಡ ಕಾರಣ ಹೆಚ್ಚಿನ ಸಲ ಅದೇ. ಕ್ರ್ಯಾಕ್ ಮಾಡಿದ ಕಂಟ್ರೋಲ್ ಪ್ಯಾನೆಲ್ ಯಾರಾದರೂ ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಅದರೊಳಗೆ ಯಾರು ಏನು ಸೇರಿಸಿದ್ದಾರೋ ನೀವು ತಿಳಿಯಲಾರಿರಿ, ಆದರೆ ನಿಮ್ಮ ಯಂತ್ರದ ಪೂರ್ತಿ ಅಧಿಕಾರ ಅದರ ಕೈಯಲ್ಲಿರುತ್ತದೆ.

ಒಳಗೆ ಹೋದ ಕೂಡಲೇ 'ಸುಡೋ ಆಪ್ಟ್ ಅಪ್‌ಡೇಟ್', 'ಸುಡೋ ಆಪ್ಟ್ ಅಪ್‌ಗ್ರೇಡ್'. ಆಮೇಲೆ, ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಟಿಮಕ್ಸ್ ಹಾಕಿಕೊಳ್ಳಿ. ಬಾಡಿಗೆ ಯಂತ್ರಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಝೋನ್' ಕೊಟ್ಟು ಏಷ್ಯಾ/ಕೋಲ್ಕತಾ ಮಾಡಿ (ಇಲ್ಲಿ ಎರಡೂ ಹೆಸರಿನ ಮೊದಲ ಅಕ್ಷರ ದೊಡ್ಡದು). ಇಲ್ಲದಿದ್ದರೆ ಲಾಗ್ ಓದುವಾಗ ಪ್ರತಿ ಸಲ ಲೆಕ್ಕ ಹಾಕುತ್ತಾ ಕೂರಬೇಕು.

ಕೀಲಿಕೈ

ಈ ಭಾಗವನ್ನು ನಿಧಾನವಾಗಿ ಓದಿ. ಪಾಸ್‌ವರ್ಡ್ ಬದಲು ಕೀ ಬಳಸಿ ಒಳಗೆ ಹೋಗುವ ವ್ಯವಸ್ಥೆ ಇದು. 'ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519' ಎಂಬ ಕಮಾಂಡ್ ಕೊಡಬೇಕಾದ್ದು ನಿಮ್ಮ ಲ್ಯಾಪ್‌ಟಾಪಿನಲ್ಲಿ. ಸರ್ವರ್ ಒಳಗೆ ಕೂತು ಇದನ್ನು ಓಡಿಸಿ "ಕೆಲಸ ಮಾಡ್ತಿಲ್ಲ ಸಾರ್" ಎನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಎರಡು ಫೈಲ್ ಹುಟ್ಟುತ್ತವೆ. ಹೆಸರಿನ ಕೊನೆಗೆ 'ಡಾಟ್ ಪಬ್' ಇರುವುದು ಸರ್ವರಿಗೆ. ಇನ್ನೊಂದು ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಆಚೆ ಹೋಗಕೂಡದು, ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯನಿಗೂ ಕಳಿಸಕೂಡದು. ಪಾಸ್‌ಫ್ರೇಸ್ (ಕೀಗೇ ಹಾಕುವ ಗುಪ್ತಪದ) ಕೇಳಿದಾಗ ಎಂಟರ್ ಒತ್ತಿ ದಾಟಿಕೊಳ್ಳಬೇಡಿ. ಲ್ಯಾಪ್‌ಟಾಪ್ ಕಳೆದುಹೋದ ದಿನ ನಿಮ್ಮನ್ನು ಕಾಯುವುದು ಅದೊಂದೇ.

'ಎಸ್‌ಎಸ್‌ಎಚ್-ಕಾಪಿ-ಐಡಿ' ಕೊಟ್ಟರೆ ಪಬ್ ಫೈಲ್ ತಾನಾಗಿಯೇ ಸರ್ವರಿನಲ್ಲಿ ಕೂರುತ್ತದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಈ ಕಮಾಂಡ್ ಇಲ್ಲ. ಅಲ್ಲಿ ಪಬ್ ಫೈಲಿನ ಸಾಲನ್ನು ಕಾಪಿ ಮಾಡಿ ಸರ್ವರಿನಲ್ಲಿ ನಿಮ್ಮ ಹೋಮ್ ಫೋಲ್ಡರಿನ 'ಡಾಟ್ ಎಸ್‌ಎಸ್‌ಎಚ್' ಫೋಲ್ಡರಿನೊಳಗಿನ 'ಆಥರೈಸ್ಡ್ ಕೀಸ್' ಫೈಲಿಗೆ ಅಂಟಿಸಿ. ಅಂಟಿಸಿದಾಗ ಅದು ಒಂದೇ ಸಾಲಾಗಿ ಉಳಿಯಬೇಕು. ಮಧ್ಯೆ ಎಲ್ಲೋ ಮುರಿದು ಎರಡು ಸಾಲಾದರೆ ಕೀ ಸತ್ತಂತೆ.

ಮುಂದೆ ಪರ್ಮಿಶನ್, ಅಂದರೆ ಫೈಲನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದು. ಏನೇ ಕೆಟ್ಟರೂ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟರೆ ಸರಿಹೋಗುತ್ತದೆ ಎಂಬ ನಂಬಿಕೆ ಹುಡುಗರಲ್ಲಿ ಬೇರು ಬಿಟ್ಟಿದೆ. ಇಲ್ಲಿ 777 ಕೊಟ್ಟಿರೋ, ಸರಿಯಿದ್ದದ್ದೂ ಕೆಡುತ್ತದೆ. ನಿಮ್ಮ ಫೈಲನ್ನು ಬೇರೆಯವರು ತಿದ್ದಬಹುದು ಎಂದಾದರೆ ಸರ್ವರ್ ಆ ಕೀಯನ್ನು ನಂಬುವುದಿಲ್ಲ. ಕಾರಣವನ್ನೂ ನಿಮಗೆ ಹೇಳದೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಎಸ್‌ಎಸ್‌ಎಚ್ ಫೋಲ್ಡರಿಗೆ 700, ಆಥರೈಸ್ಡ್ ಕೀಸ್‌ಗೆ 600. ಹೋಮ್ ಫೋಲ್ಡರನ್ನೂ ಬೇರೆಯವರು ಬರೆಯುವಂತಿರಬಾರದು.

ಈಗ ಮೊದಲ ವಿಂಡೋ ಹಾಗೇ ಇರಲಿ. ಎರಡನೆಯದೊಂದನ್ನು ತೆರೆದು ಲಾಗಿನ್ ಆಗಿ, ಏನು ಕೇಳುತ್ತದೆ ಎಂಬುದನ್ನು ಗಮನಿಸಿ. 'ಪಾಸ್‌ಫ್ರೇಸ್ ಫಾರ್ ಕೀ' ಎಂದರೆ ಕೀ ಹಿಡಿದಿದೆ. ನಿಮ್ಮ ಯೂಸರ್ ಹೆಸರು ತೋರಿಸಿ 'ಪಾಸ್‌ವರ್ಡ್' ಎಂದರೆ ಹಿಡಿದಿಲ್ಲ. ಆಗ ಅದನ್ನು ಟೈಪ್ ಮಾಡಿ ಒಳಗೆ ಹೋಗಿ "ಬಂತು" ಎಂದು ಖುಷಿಪಡುವವರೇ ಮುಂದೆ ಹೊರಗೆ ಉಳಿಯುವವರು.

ಹಳೆಯ ಬಾಗಿಲು

ಕೀ ಕೆಲಸ ಮಾಡಿತು ಎಂದ ಮೇಲಷ್ಟೇ ಪಾಸ್‌ವರ್ಡ್ ಲಾಗಿನ್ ಮುಚ್ಚುವ ಮಾತು. ಎಸ್‌ಎಸ್‌ಎಚ್ ಸರ್ವರಿನ ದೊಡ್ಡ ಸೆಟ್ಟಿಂಗ್ ಫೈಲಿನಲ್ಲಿ 'ಪಾಸ್‌ವರ್ಡ್ ಅಥೆಂಟಿಕೇಶನ್' ಎದುರು 'ನೋ' ಎಂದು ಬರೆಯುವುದು ಎಲ್ಲರಿಗೂ ಗೊತ್ತು. ಆದರೆ ಬಾಡಿಗೆಯ ಉಬುಂಟು ಯಂತ್ರಗಳಲ್ಲಿ '50-ಕ್ಲೌಡ್-ಇನಿಟ್' ಎಂಬ ಇನ್ನೊಂದು ಫೈಲ್ 'ಯೆಸ್' ಎಂದು ಹೇಳಿಕೊಂಡು ಕೂತಿರುವುದುಂಟು. ಎಸ್‌ಎಸ್‌ಎಚ್ ಮೊದಲು ಓದಿದ ಮಾತನ್ನೇ ಹಿಡಿಯುತ್ತದೆ, ಆಮೇಲೆ ಬಂದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೊಡ್ಡ ಫೈಲಿನಲ್ಲಿ ನೀವು ಬರೆದ 'ನೋ' ಹಾಗೆ ವ್ಯರ್ಥವಾಗುತ್ತದೆ. ಆದ್ದರಿಂದ ದೊಡ್ಡ ಫೈಲನ್ನು ಮುಟ್ಟದೆ, ಆ '50-ಕ್ಲೌಡ್-ಇನಿಟ್' ಇರುವ ಫೋಲ್ಡರಿನಲ್ಲೇ 10ರಿಂದ ಶುರುವಾಗುವ ಹೆಸರಿಟ್ಟು, ಕೊನೆಗೆ 'ಡಾಟ್ ಕಾನ್ಫ್' ಹಾಕಿ ನಿಮ್ಮದೇ ಫೈಲ್ ಮಾಡಿ. ರೂಟ್ (ಪೂರ್ತಿ ಅಧಿಕಾರವಿರುವ ಯೂಸರ್) ಲಾಗಿನ್‌ಗೂ ಅಲ್ಲೇ 'ನೋ' ಬರೆಯಿರಿ.

'ಸುಡೋ ಎಸ್‌ಎಸ್‌ಎಚ್‌ಡಿ' ಮುಂದೆ ಮೈನಸ್ ಸಣ್ಣ ಟಿ ಕೊಟ್ಟರೆ ಬರವಣಿಗೆಯ ತಪ್ಪು ತೋರಿಸುತ್ತದೆ. ಏನೂ ಹೇಳದಿದ್ದರೆ ಸರಿಯಿದೆ ಎಂದರ್ಥ. ಮೈನಸ್ ದೊಡ್ಡ ಟಿ ಕೊಟ್ಟರೆ ಎಲ್ಲ ಫೈಲೂ ಓದಿದ ಮೇಲೆ ನಿಜವಾಗಿ ಜಾರಿಗೆ ಬರುವ ಸೆಟ್ಟಿಂಗ್ ಅಷ್ಟೂ ಬರುತ್ತದೆ. ಅಲ್ಲಿ 'ನೋ' ಕಂಡ ಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಮಾಡಿದರೂ ತೆರೆದಿರುವ ವಿಂಡೋಗಳು ಕಡಿದುಹೋಗುವುದಿಲ್ಲ. ಮೂರನೆಯದನ್ನು ತೆರೆದು ಒಳಗೆ ಹೋಗಿ ಬಂದ ಮೇಲೆ ಮೊದಲನೆಯದನ್ನು ಮುಚ್ಚಿ.

ಫೈರ್‌ವಾಲ್‌ಗೂ ಇದೇ ಕ್ರಮ. ಮೊದಲು 'ಯುಎಫ್‌ಡಬ್ಲ್ಯೂ ಅಲೌ 22', ಆಮೇಲೆ 'ಯುಎಫ್‌ಡಬ್ಲ್ಯೂ ಎನೇಬಲ್'. ಎನೇಬಲ್ ಕೊಟ್ಟಾಗ ಎಸ್‌ಎಸ್‌ಎಚ್ ಸಂಪರ್ಕಕ್ಕೆ ತೊಂದರೆಯಾಗಬಹುದು ಎಂದು ಅದೇ ಕೇಳುತ್ತದೆ. ತಿಪಟೂರಿನ ಹುಡುಗ ಓದದೆ 'ವೈ' ಒತ್ತಿದ್ದು ಅಲ್ಲೇ. ಹೊಸದಾಗಿ ಯಾರನ್ನೂ ಒಳಗೆ ಬಿಡದ ಫೈರ್‌ವಾಲ್, ಆಗಲೇ ಒಳಗಿದ್ದವನನ್ನು ಬಿಟ್ಟುಕೊಂಡಿತ್ತು. ದೂರದ ಯಂತ್ರವಾದರೆ ನಾನು ಇನ್ನೂ ಒಂದು ಎಚ್ಚರಿಕೆ ವಹಿಸುತ್ತೇನೆ. ಟಿಮಕ್ಸ್‌ನ ಪಕ್ಕದ ವಿಂಡೋದಲ್ಲಿ ರೂಟ್ ಆಗಿ 'ಸ್ಲೀಪ್ 600; ಯುಎಫ್‌ಡಬ್ಲ್ಯೂ ಡಿಸೇಬಲ್' ಎಂದು ಕೊಟ್ಟಿಡುತ್ತೇನೆ. ಏನಾದರೂ ಎಡವಟ್ಟಾದರೆ ಹತ್ತು ನಿಮಿಷಕ್ಕೆ ಫೈರ್‌ವಾಲ್ ತಾನಾಗಿಯೇ ಇಳಿಯುತ್ತದೆ. ಎಲ್ಲ ಸರಿಯಿದ್ದರೆ ಕಂಟ್ರೋಲ್-ಸಿ ಒತ್ತಿ ರದ್ದು ಮಾಡುತ್ತೇನೆ.

22ನೇ ಪೋರ್ಟ್ ಬದಲಾಯಿಸಿ ಎನ್ನುವವರಿದ್ದಾರೆ. ಲಾಗ್‌ನ ಗದ್ದಲ ಕಡಿಮೆಯಾಗುತ್ತದೆ, ನಿಜ. ಆದರೆ ಕೀ ಇದ್ದ ಮೇಲೆ ಅದರ ಅಗತ್ಯವಿಲ್ಲ.

ಒಗ್ಗಿಸಿಕೊಳ್ಳುವುದು

ಇನ್ನು ಸರ್ವರನ್ನು ನಿಮ್ಮ ಕೈಗೆ ಒಗ್ಗಿಸಿಕೊಳ್ಳಿ. ಶೆಲ್‌ನ ಸೆಟ್ಟಿಂಗ್ ಇರುವ ಬ್ಯಾಶ್‌ಆರ್‌ಸಿ ಫೈಲಿನ ಒಂದು ಪ್ರತಿ ತೆಗೆದಿಟ್ಟುಕೊಂಡು, ಪ್ರಾಂಪ್ಟ್‌ನ (ಕಮಾಂಡ್ ಬರೆಯುವ ಸಾಲಿನ ಮೊದಲಿಗೆ ಕಾಣುವ ಹೆಸರಿನ) ಬಣ್ಣ ಕೆಂಪು ಮಾಡಿ. ಲ್ಯಾಪ್‌ಟಾಪ್ ಎಂದುಕೊಂಡು ಸರ್ವರಿನಲ್ಲಿ ಫೈಲ್ ಅಳಿಸುವ 'ಆರ್‌ಎಂ' ಕೊಟ್ಟವರನ್ನು ಕಣ್ಣಾರೆ ಕಂಡಿದ್ದೇನೆ. ಹಿಸ್ಟರಿಗೆ ದಿನಾಂಕ ಬರುವಂತೆ ಮಾಡಿ, ಅದರ ಗಾತ್ರ 10,000 ಸಾಲಿಗೆ ಏರಿಸಿ. ಅಲಂಕಾರದ ದೊಡ್ಡ ದೊಡ್ಡ ಶೆಲ್ ಥೀಮ್‌ಗಳು ಸರ್ವರಿಗೆ ಬೇಡ.

ಟಿಮಕ್ಸ್ ಇಲ್ಲದೆ ದೊಡ್ಡ ಕೆಲಸ ಶುರುಮಾಡಲೇಬೇಡಿ. ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಕ್ಯಾತ್ಸಂದ್ರ ದಾಟಿದ ಮೇಲೆ ನನ್ನ ಸಿಗ್ನಲ್ ಹೋಗಿ ಬಂದು ಮಾಡುತ್ತಿರುತ್ತದೆ. ಸಂಪರ್ಕ ಕಡಿದರೂ ಸರ್ವರಿನಲ್ಲಿ ಕೆಲಸ ಸಾಗುತ್ತಿರುತ್ತದೆ. ಯಶವಂತಪುರದಲ್ಲಿ 'ಟಿಮಕ್ಸ್ ಅಟ್ಯಾಚ್' ಎಂದರೆ ಬಿಟ್ಟಲ್ಲಿಂದಲೇ ಸಿಗುತ್ತದೆ.

ಕನ್ನಡ ಹೆಸರಿನ ಫೈಲುಗಳಿದ್ದರೆ ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ನೋಡಿಕೊಳ್ಳಿ. ಫೈಲುಗಳ ಪಟ್ಟಿ ತೋರಿಸುವ 'ಎಲ್‌ಎಸ್' ಕೊಟ್ಟಾಗ 'ಕ' ಇರಬೇಕಾದಲ್ಲಿ \340\262\225 ಎಂದು ಬಂದರೆ ಫೈಲ್ ಹಾಳಾಗಿಲ್ಲ. ಯುಟಿಎಫ್-8ರಲ್ಲಿ 'ಕ'ದ ಮೂರು ಬೈಟುಗಳೇ ಅವು, ಸರ್ವರಿಗೆ ಓದಲು ಬರುತ್ತಿಲ್ಲ ಅಷ್ಟೇ. 'ಡಿಪಿಕೆಜಿ-ರೀಕಾನ್ಫಿಗರ್ ಲೊಕೇಲ್ಸ್' ಕೊಟ್ಟು ಯುಟಿಎಫ್-8 ಇರುವ ಇಂಗ್ಲಿಷ್ ಲೊಕೇಲ್ ಆರಿಸಿ, ಹೊರಗೆ ಹೋಗಿ ಮತ್ತೆ ಲಾಗಿನ್ ಆಗಿ. ಒತ್ತಕ್ಷರಗಳು ಆಮೇಲೂ ಒಡೆದು ಕಂಡರೆ ಅದು ಟರ್ಮಿನಲ್‌ನ ಕೊರತೆ.

ಯಂತ್ರ ಮಂಡಿಗೋ ಅಂಗಡಿಗೋ ಹೋಗುವುದಾದರೆ ಬಯೋಸ್‌ನಲ್ಲಿ ಕರೆಂಟ್ ಬಂದಾಗ ತಾನಾಗಿಯೇ ಆನ್ ಆಗುವ ಸೆಟ್ಟಿಂಗ್ ಹಾಕಿ. ಡೇಟಾ ತುಂಬುವ ಮುನ್ನ, ಯಂತ್ರ ನಿಮ್ಮ ಮೇಜಿನ ಮೇಲೇ ಇರುವಾಗ, ಒಮ್ಮೆ ಪ್ಲಗ್ ಕಿತ್ತು ಮತ್ತೆ ಹಾಕಿ. ಮಾನಿಟರಿನ ಕಡೆ ನೋಡದೆ ಎರಡು ನಿಮಿಷ ಬಿಟ್ಟು ಲ್ಯಾಪ್‌ಟಾಪಿನಿಂದ ಲಾಗಿನ್ ಆಗಿ. ಕೆಂಪು ಪ್ರಾಂಪ್ಟ್ ಬಂದರೆ ಮಾನಿಟರ್ ಕಳಚಿ, ಯಂತ್ರವನ್ನು ಕಳಿಸಿಕೊಡಿ.