ಎಚ್‌ಐವಿ ವರದಿ ನೆಗೆಟಿವ್ ಬಂದರೂ ಸಂಶಯ ಉಳಿದಾಗ

'ನಾನ್ ರಿಯಾಕ್ಟಿವ್', ಅಂದರೆ ನೆಗೆಟಿವ್, ಎಂಬ ಎಚ್‌ಐವಿ ವರದಿ ಕೈಗೆ ಬಂದಾಗ ಅದನ್ನು ಮಡಚಿಡುವ ಮುನ್ನ, ಸೋಂಕು ತಗುಲಿರಬಹುದಾದ ದಿನದಿಂದ ರಕ್ತ ಕೊಟ್ಟ ದಿನದವರೆಗೆ ಎಷ್ಟು ದಿನ ಕಳೆದಿದ್ದವು ಎಂದು ಎಣಿಸಿ. ಆ ಎಣಿಕೆಯಿಲ್ಲದೆ ವರದಿಗೆ ಪೂರ್ತಿ ಅರ್ಥ ಬರುವುದಿಲ್ಲ.

ಬೆರಳು ಚುಚ್ಚಿ ಮಾಡುವ ಸಾಮಾನ್ಯ ಕಿಟ್ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಪತ್ತೆಯಾಗುವ ಮಟ್ಟಕ್ಕೆ ಬರಲು 23ರಿಂದ 90 ದಿನ ಹಿಡಿಯುತ್ತದೆ. ರಕ್ತನಾಳದಿಂದ ರಕ್ತ ತೆಗೆದು ಲ್ಯಾಬ್‌ನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆಯು ಪಿ24 ಎಂಬ ವೈರಸ್ಸಿನ ಪ್ರೋಟೀನನ್ನೂ ಗುರುತಿಸುವುದರಿಂದ 18ರಿಂದ 45 ದಿನಗಳೊಳಗೆ ಸೋಂಕನ್ನು ಹಿಡಿಯುತ್ತದೆ. ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆಗೆ 10ರಿಂದ 33 ದಿನ ಸಾಕು. ಮೊದಲ ವಾರದಲ್ಲಂತೂ ಯಾವ ಪರೀಕ್ಷೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ನಿಮಗೆ ಮಾಡಿದ್ದು ಯಾವುದೆಂಬುದು ವರದಿಯಲ್ಲಿ 'ವಿಧಾನ' ಎಂಬ ಸಣ್ಣಕ್ಷರದ ಸಾಲಿನಲ್ಲಿರುತ್ತದೆ. ಇಲ್ಲದಿದ್ದರೆ ಸಂಕೋಚಪಡದೆ ಕೇಳಿ.

ಸೋಂಕು ತಗುಲಿರಬಹುದಾದ ಘಟನೆಯಾಗಿ 72 ಗಂಟೆ ಕಳೆದಿಲ್ಲವೆಂದಾದರೆ ಪರೀಕ್ಷೆಗಾಗಿ ದಿನ ಕಾಯುವುದು ತಪ್ಪು. ಕೂಡಲೇ ಆಸ್ಪತ್ರೆಗೆ ಹೋಗಿ ಸೋಂಕು ನೆಲೆಯೂರದಂತೆ ತಡೆಯಲು ಕೊಡುವ 28 ದಿನಗಳ ಪಿಇಪಿ ಮಾತ್ರೆಯ ಬಗ್ಗೆ ವಿಚಾರಿಸಿ. ಈ ಮಾತ್ರೆ ನುಂಗಿದವರಲ್ಲಿ ಸೋಂಕಿನ ಗುರುತುಗಳು ತಡವಾಗಿ ಕಾಣಿಸಬಹುದಾದ್ದರಿಂದ, ಮುಂದಿನ ಪರೀಕ್ಷೆಗಳ ದಿನಾಂಕವನ್ನು ವೈದ್ಯರೇ ನಿಗದಿಪಡಿಸಬೇಕು.

ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಗಳ ನಡುವೆ ಜ್ವರ, ಗಂಟಲುನೋವು, ಮೈಮೇಲೆ ಗಂಧೆ, ಕತ್ತಿನಲ್ಲಿ ಗಂಟು ಕಾಣಿಸಿಕೊಳ್ಳಬಹುದು. ಬೆಂಗಳೂರಿನ ಮಳೆಗಾಲದಲ್ಲಿ ಇಂಥ ಜ್ವರವೆಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಡೆಂಗಿ. ಆ ಪರೀಕ್ಷೆ ನೆಗೆಟಿವ್ ಬಂದರೆ 'ವೈರಲ್ ಫೀವರ್' ಎಂದು ಮಾತ್ರೆ ಕೊಟ್ಟು ಕಳಿಸುವುದೂ ಉಂಟು. ನಡೆದದ್ದನ್ನು ನೀವೇ ಬಾಯಿಬಿಟ್ಟು ಹೇಳದೆ ವೈದ್ಯರಿಗೆ ಎಚ್‌ಐವಿಯ ಯೋಚನೆ ಬರುವುದು ಕಷ್ಟ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ ಫಲಿತಾಂಶ ಬಹಿರಂಗಪಡಿಸುವುದನ್ನೂ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಸಾಮಾನ್ಯವಾಗಿ ನಿರ್ಬಂಧಿಸುತ್ತದೆ.

ಪರೀಕ್ಷೆ ಪುಕ್ಕಟೆಯಾಗುತ್ತದೆಂದು ರಕ್ತದಾನ ಶಿಬಿರಕ್ಕೆ ಹೋಗುವುದು ಮಾತ್ರ ಬೇಡವೇ ಬೇಡ: ನಿಮ್ಮ ವರದಿಯಲ್ಲಿ ಕಾಣದ ವೈರಸ್ಸು ಇನ್ನೊಬ್ಬರ ದೇಹ ಸೇರೀತು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷೆ) ಕೇಂದ್ರಗಳಲ್ಲಿ ಆಪ್ತಸಮಾಲೋಚನೆಯೂ ಪರೀಕ್ಷೆಯೂ ಉಚಿತವಾಗಿವೆ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿದರೆ ಹತ್ತಿರದ ಕೇಂದ್ರ ತಿಳಿಯುತ್ತದೆ. ಆದರೆ ಅಲ್ಲಿ ಸಾಮಾನ್ಯವಾಗಿ ಬಳಸುವುದು ಪ್ರತಿಕಾಯ ಹುಡುಕುವ ಕಿಟ್, ಆದ್ದರಿಂದ ಮೇಲಿನ ಎಣಿಕೆ ಅಲ್ಲಿಗೂ ಅನ್ವಯಿಸುತ್ತದೆ.

ಪ್ರತಿಕಾಯ ನೆಗೆಟಿವ್ ಇದ್ದು ಆರ್‌ಎನ್‌ಎ ಕಂಡುಬಂದರೆ ಅದು ಹೊಸ ಸೋಂಕಿನ ಬಲವಾದ ಸೂಚನೆ. ಹೊಸ ಸೋಂಕಿನಲ್ಲಿ ವೈರಸ್ಸಿನ ಪ್ರಮಾಣ ಸಾಮಾನ್ಯವಾಗಿ ಬಹಳ ಹೆಚ್ಚಿರುವುದರಿಂದ, ತೀರ ಕಡಿಮೆ ಸಂಖ್ಯೆ ಬಂದಾಗ ತಪ್ಪು ಫಲಿತಾಂಶದ ಸಾಧ್ಯತೆಯನ್ನೂ ನೋಡಬೇಕು. ಹೀಗಾಗಿ ಹೊಸದಾಗಿ ರಕ್ತ ಕೊಟ್ಟು ಖಚಿತಪಡಿಸಿಕೊಳ್ಳಿ, ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಚಿಕಿತ್ಸೆಯ ಮಾತನ್ನು ಅದೇ ಭೇಟಿಯಲ್ಲಿ ಎತ್ತಿ. ಆರ್‌ಎನ್‌ಎ ಇಲ್ಲವೆಂದು ಬಂದರೂ 90 ದಿನ ತುಂಬಿದ ಮೇಲೆ ಕೊನೆಯ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕಾಂಡೋಮ್ ಬಳಸಿ.